ಮಹದಾಯಿ ಹೆಸರಿನ ಹಾಯಿದೋಣಿ: ಸಜ್ಜು ಮಾಡಿದ ಕೈಗಳಿಗೆ ಒಂದು ಸಲಾಂ

ನಮ್ಮ ಕಾಲೇಜಿನಲ್ಲಿ ಯಾವ ಕಾರ್ಯಕ್ರಮ ನಡೆದರೂ ಕೊನೆಗೆ ವಂದನಾರ್ಪಣೆ ಇರುತ್ತದೆ. ಅದು ಶುರುವಾಗುತ್ತಿದ್ದಂತೆ ಹಿಂದಿನ ಸಾಲುಗಳು ಖಾಲಿಯಾಗುತ್ತವೆ. ಕಳೆದ ಬಾರಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಅತಿಥಿಗಳು, ಆಡಳಿತ ಮಂಡಳಿ, ಪ್ರಾಂಶುಪಾಲರು, ಉಪನ್ಯಾಸಕರು ಎಂದು ಹೆಸರುಗಳನ್ನು ಓದಿ, ಎಲ್ಲರೂ ಹೇಳುವಂತೆಯೇ "ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ ವಂದನೆಗಳು" ಎಂದು ಮುಗಿಸಿದೆ. ವೇದಿಕೆ ಇಳಿದಾಗ ಮೈಕಿನವರು ವೈರ್ ಸುತ್ತುತ್ತಿದ್ದರು. ಬೆಳಿಗ್ಗೆಯಿಂದ ನಮ್ಮ ಜೊತೆಗೇ ಇದ್ದ ಅವರ ಹೆಸರು ನನಗೆ ಗೊತ್ತಿರಲಿಲ್ಲ. ‘ಪರೋಕ್ಷವಾಗಿ’ ಎಂಬ ಒಂದೇ ಪದದೊಳಗೆ ಎಷ್ಟು ಜನರನ್ನು ತುಂಬಿಬಿಡುತ್ತೇವೆ ಎಂದು ಅಂದು ಅನಿಸಿತು. ಆಮೇಲೆ ಒಂದು ಹಾಯಿದೋಣಿಯ ವಿಷಯ ಓದಿದಾಗ ಆ ಯೋಚನೆ ಇನ್ನಷ್ಟು ಗಟ್ಟಿಯಾಯಿತು. ಆ ದೋಣಿಯ ಹೆಸರು ನಮ್ಮ ಖಾನಾಪುರ ತಾಲ್ಲೂಕಿನಿಂದಲೇ ಹೋದದ್ದು.

ಬೆಳಗಾವಿ, ಧಾರವಾಡ ಕಡೆಯ ನಮಗೆ ಮಹದಾಯಿ ಎಂದ ಕೂಡಲೇ ನೆನಪಾಗುವುದು ಕಳಸಾ-ಬಂಡೂರಿ, ಬಂದ್ ಮತ್ತು ಟಿಎಂಸಿ ಲೆಕ್ಕ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಈ ಹೊಳೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ, ದೇಗಾವ್ ಹತ್ತಿರ. ಗುಂಜಿಯಲ್ಲಿ ರೈಲು ಹತ್ತಿದರೆ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಗೋವಾ ಸೇರುತ್ತೇವಲ್ಲ, ಹಾಗೆಯೇ ಈ ಹೊಳೆಯೂ ಘಟ್ಟ ಇಳಿದು ಗೋವಾ ಸೇರುತ್ತದೆ. ಅಲ್ಲಿ ಅದಕ್ಕೆ ಮಾಂಡೋವಿ ಎಂಬ ಹೆಸರೂ ಇದೆ. ಪಣಜಿಯ ಬಳಿ ಸಮುದ್ರ ಸೇರುವ ಮೊದಲು ಅದು ದಿವಾರ್ ಎಂಬ ದ್ವೀಪವನ್ನು ಬಳಸಿ ಹೋಗುತ್ತದೆ. ಆ ದ್ವೀಪದಲ್ಲಿ ರತ್ನಾಕರ ದಾಂಡೇಕರ ಅವರ ಅಕ್ವೇರಿಯಸ್ ಶಿಪ್‌ಯಾರ್ಡ್ ಇದೆ. ಭಾರತೀಯ ನೌಕಾಪಡೆಯ ಹಾಯಿದೋಣಿ ‘ಐಎನ್‌ಎಸ್‌ವಿ ಮಹದಾಯಿ’ ತಯಾರಾದದ್ದು ಅಲ್ಲಿ. 56 ಅಡಿ ಉದ್ದದ ಈ ದೋಣಿ 2009ರ ಫೆಬ್ರವರಿ 12ರಂದು ನೌಕಾಪಡೆ ಸೇರಿತು.

ಒಬ್ಬ ಭಾರತೀಯ ಒಬ್ಬನೇ ಹಾಯಿದೋಣಿಯಲ್ಲಿ ಜಗತ್ತು ಸುತ್ತಬೇಕು ಎಂಬ ಕನಸು ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಅವಟಿ ಅವರದು. ಮುಂದೆ ಬಂದವರು ಕಮಾಂಡರ್ ದಿಲೀಪ್ ದೋಂಡೆ. ದಾಂಡೇಕರ ಅವರ ಯಾರ್ಡ್ ಅಂತಹ ಸಾಗರದ ಹಾಯಿದೋಣಿಯನ್ನು ಅದಕ್ಕೆ ಮೊದಲು ಕಟ್ಟಿರಲಿಲ್ಲ. ಹೊರಡುವವರಿಗೂ ಹೊಸದು, ಕಟ್ಟುವವರಿಗೂ ಹೊಸದು. ಆದರೂ ಇಬ್ಬರೂ ಒಪ್ಪಿಕೊಂಡರು.

ಹಾಯಿದೋಣಿಯನ್ನು ಸಜ್ಜು ಮಾಡುವುದು ಎಂದರೇನು? ಮೊದಲು ಒಡಲು. ಮರದ ಪಟ್ಟಿಗಳನ್ನು ಅಂಟಿಸಿ ಆಕಾರ ಕೊಟ್ಟು, ಮೇಲೆ ರಾಳದಲ್ಲಿ ಅದ್ದಿದ ಫೈಬರ್‌ಗ್ಲಾಸ್ ಪದರಗಳನ್ನು ಹೊದಿಸುತ್ತಾರೆ. ಪದರಗಳ ನಡುವೆ ಗಾಳಿ ಉಳಿದರೆ ಅದೇ ಮುಂದೆ ದೌರ್ಬಲ್ಯವಾಗುತ್ತದೆ. ಅಡಿಯಲ್ಲಿ ಭಾರ ಕೂರಿಸುತ್ತಾರೆ, ಅಲೆ ಹೊಡೆದು ದೋಣಿ ಮಗುಚುವಂತಾದರೂ ಮತ್ತೆ ನೇರವಾಗಲಿ ಎಂದು. ಆಮೇಲೆ ಕೂವೆಕಂಬ. ಅದನ್ನು ಎಲ್ಲ ದಿಕ್ಕಿನಿಂದಲೂ ಉಕ್ಕಿನ ತಂತಿಗಳು ಎಳೆದು ಹಿಡಿದಿರುತ್ತವೆ. ಒಂದು ತಂತಿಯ ತುದಿಯ ಕೊಂಡಿ ಕಳಚಿದರೂ ಕಂಬವೇ ಉರುಳಬಹುದು. ಚುಕ್ಕಾಣಿ, ಬೇರೆ ಬೇರೆ ಗಾಳಿಗೆ ಬೇರೆ ಬೇರೆ ಹಾಯಿಗಳು, ರೇಡಿಯೊ, ಕುಡಿಯುವ ನೀರು, ತಿಂಗಳುಗಟ್ಟಲೆಯ ಊಟ ಎಲ್ಲವನ್ನೂ ಒಂದೊಂದಾಗಿ ನೋಡಬೇಕು. ಬಳಿಕ ನೀರಿಗಿಳಿಸಿ ಪರೀಕ್ಷಿಸಬೇಕು. ದೋಂಡೆ ಅವರು ಮೊದಲು ಮಾರಿಷಸ್‌ವರೆಗೆ ಹೋಗಿ, ವಾಪಸು ಒಬ್ಬರೇ ಬಂದು ದೋಣಿಯನ್ನು ಪರೀಕ್ಷಿಸಿದರು.

2009ರ ಆಗಸ್ಟ್ 19ರಂದು ಅವರು ಮುಂಬೈನಿಂದ ಹೊರಟರು. ದಾರಿಯಲ್ಲಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್, ನ್ಯೂಜಿಲೆಂಡಿನ ಲಿಟಲ್‌ಟನ್, ಫಾಕ್ಲೆಂಡ್ ದ್ವೀಪಗಳ ಪೋರ್ಟ್ ಸ್ಟ್ಯಾನ್ಲಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್, ಹೀಗೆ ನಾಲ್ಕು ಬಂದರುಗಳಲ್ಲಿ ನಿಂತರು. ಬಂದರಿನಲ್ಲಿ ನಿಲ್ಲುವುದೆಂದರೆ ಬರೀ ವಿಶ್ರಾಂತಿಯಲ್ಲ. ಹರಿದ ಹಾಯಿ ಹೊಲಿಯುವುದು, ಸಡಿಲವಾದದ್ದನ್ನು ಬಿಗಿಯುವುದು, ನೀರು ದಿನಸಿ ತುಂಬಿಕೊಳ್ಳುವುದು. ಪರ ಊರಿನ ಬಂದರಿನಲ್ಲಿ ಇದೆಲ್ಲ ಅಲ್ಲಿಯವರ ಸಹಾಯವಿಲ್ಲದೆ ಆಗುವಂಥದ್ದಲ್ಲ. 2010ರ ಮೇ ತಿಂಗಳಲ್ಲಿ ಅವರು ಮುಂಬೈಗೆ ಮರಳಿದರು. ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲ ಭಾರತೀಯ ಎಂಬ ಹೆಸರು ಅವರದಾಯಿತು.

ಅದೇ ದೋಣಿಯಲ್ಲಿ 2012ರ ನವೆಂಬರ್ 1ರಂದು ಹೊರಟ ಅಭಿಲಾಷ್ ಟಾಮಿ ಎಲ್ಲಿಯೂ ನಿಲ್ಲದೆ 2013ರ ಮಾರ್ಚ್ 31ರಂದು ಮುಂಬೈ ತಲುಪಿದರು. ನಡುವೆ ಬಂದರೇ ಇಲ್ಲ ಎಂದಾಗ ಇಡೀ ಭಾರ ದಡದವರ ಮೇಲೆ ಬೀಳುತ್ತದೆ. ಒಂದು ನಟ್ಟು ಮರೆತರೂ ಅದು ಗೊತ್ತಾಗುವುದು ನಡುಸಮುದ್ರದಲ್ಲಿ, ಹತ್ತಿರ ಯಾರೂ ಇಲ್ಲದಾಗ.

ದೋಂಡೆ ಅವರಿಗೆ ಶೌರ್ಯ ಚಕ್ರ ಬಂತು, ಟಾಮಿ ಅವರಿಗೆ ಕೀರ್ತಿ ಚಕ್ರ. ಇಬ್ಬರೂ ಅದಕ್ಕೆ ಅರ್ಹರೇ. ಆದರೆ ದಿವಾರ್‌ನಲ್ಲಿ ರಾಳ ಹಚ್ಚಿದವರು, ಮರ ಉಜ್ಜಿದವರು, ತಂತಿ ಬಿಗಿದವರು? ನಾವು ಕಾಮರ್ಸ್‌ನವರು ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಬಗ್ಗೆ ಓದುತ್ತೇವೆ. ಹಣ ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಪುಸ್ತಕಕ್ಕೆ ಬರುತ್ತದೆ. ತಾನಾಗಿ ಬೆಳೆದದ್ದನ್ನು ಬರೆಯುವಂತಿಲ್ಲ. ದೋಣಿಯ ಲೆಕ್ಕವೂ ಹಾಗೆಯೇ. ಮರಕ್ಕೆ, ಹಾಯಿಗೆ, ಕೂಲಿಗೆ ಕೊಟ್ಟ ಹಣ ಖರ್ಚಿನಲ್ಲಿ ಬರುತ್ತದೆ. ಇದರ ಮೇಲೆ ಒಬ್ಬರ ಜೀವ ನಿಂತಿದೆ ಎಂದುಕೊಂಡು ಬಿಗಿದ ಸ್ಕ್ರೂವನ್ನು ಇನ್ನೊಮ್ಮೆ ಮುಟ್ಟಿ ನೋಡುವ ಕಾಳಜಿ ಯಾವ ಲೆಜರಿನಲ್ಲಿಯೂ ಬರುವುದಿಲ್ಲ. ಕೂಲಿ ಕೊಟ್ಟ ಮಾತ್ರಕ್ಕೆ ಆ ಸಾಲ ತೀರುವುದಿಲ್ಲ.

ಹಾಗಾದರೆ ಅದು ತೀರುವುದು ಹೇಗೆ? ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದಕ್ಕೆ ಸಿಗುವ ಉತ್ತರ. ದೋಂಡೆ ಹೋದಾಗ ದಡದಲ್ಲಿ ನಿಂತು ಅವರಿಗೆ ಬೇಕಾದ್ದನ್ನು ನೋಡಿಕೊಂಡವರು ಇದೇ ಟಾಮಿ. ಟಾಮಿ ಹೊರಟಾಗ ದೋಂಡೆ ದಡದವರಾದರು. ಆಮೇಲೆ ಮಹದಾಯಿಯ ತಂಗಿಯಂತಿರುವ ‘ತಾರಿಣಿ’ಯನ್ನು ಅದೇ ಯಾರ್ಡ್ ಕಟ್ಟಿತು. ಅದರಲ್ಲಿ 2017-18ರಲ್ಲಿ ಜಗತ್ತು ಸುತ್ತಿದ ಆರು ಮಹಿಳಾ ಅಧಿಕಾರಿಗಳಿಗೆ ದೋಂಡೆ ಮಾರ್ಗದರ್ಶಕರಾದರು. 2024ರ ಅಕ್ಟೋಬರ್‌ನಿಂದ 2025ರ ಮೇವರೆಗೆ ತಾರಿಣಿಯಲ್ಲಿ ಇಬ್ಬರೇ ಸುತ್ತಿ ಬಂದ ದಿಲ್ನಾ ಮತ್ತು ರೂಪಾ ಅವರಿಗೆ ತರಬೇತಿ ಕೊಟ್ಟವರು ಟಾಮಿ. ತಮಗೆ ಸಿಕ್ಕ ಸಹಾಯವನ್ನು ಅವರು ಮುಂದೆ ಹೊರಡುವವರಿಗೆ ಕೊಟ್ಟರು.

ಇತ್ತೀಚೆಗೆ ಈ ಸಾಲಿಗೆ ‘ಕೌಂಡಿನ್ಯ’ ಸೇರಿದೆ. ಮೊಳೆಯಿಲ್ಲದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡಿದ ಹಡಗು ಅದು. ಗೋವಾದಲ್ಲಿ ದಾಂಡೇಕರ ಅವರ ಇನ್ನೊಂದು ಸಂಸ್ಥೆ ಕಟ್ಟಿಸಿತು. ಹೊಲಿದವರು ಕೇರಳದ ಬಾಬು ಶಂಕರನ್ ಮತ್ತು ಅವರ ಜೊತೆಗಾರರು. 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ಅದು ನೌಕಾಪಡೆ ಸೇರಿತು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. ಇಲ್ಲಿ ಹೊಲಿದವರ ಮುಖ್ಯಸ್ಥರ ಹೆಸರು ಹಡಗಿನ ಹೆಸರಿನ ಜೊತೆಗೇ ಪತ್ರಿಕೆಗಳಲ್ಲಿ ಬಂತು. ಇದು ಒಳ್ಳೆಯ ಬದಲಾವಣೆ.

ಮಹದಾಯಿ ನೀರಿನ ವಿಷಯದಲ್ಲಿ ಗೋವಾ ಮತ್ತು ನಾವು ಇಂದಿಗೂ ಎದುರುಬದುರು. ನಮಗೆ ಬರಬೇಕಾದ ನೀರನ್ನು ನಾವು ಕೇಳುವುದು ಸರಿಯೇ. ಆದರೆ ನಮ್ಮ ಕಾಡಿನಲ್ಲಿ ಹುಟ್ಟುವ ಹೊಳೆಯ ಹೆಸರನ್ನು ಜಗತ್ತೆಲ್ಲ ಸುತ್ತಿಸಿ ತಂದ ದೋಣಿಯನ್ನು ಸಜ್ಜು ಮಾಡಿದವರು ಆ ದಡದವರೇ. ಅವರಿಗೆ ಶುಕ್ರಿಯಾ ಹೇಳಲು ತೀರ್ಪಿಗಾಗಿ ಕಾಯಬೇಕಾಗಿಲ್ಲ. ದೇವರಿಗೆ ಸಲ್ಲಿಸುವ ಕೃತಜ್ಞತೆ ಮನುಷ್ಯರಿಂದಲೇ ಶುರುವಾಗಬೇಕು ಎಂದು ಮನೆಯಲ್ಲಿಯೂ ದೀನಿಯಾತ್ ತರಗತಿಯಲ್ಲಿಯೂ ಕೇಳುತ್ತಲೇ ಬೆಳೆದಿದ್ದೇವೆ.

ನನ್ನದೊಂದು ಸಲಹೆ. ಮುಂದಿನ ಬೀಳ್ಕೊಡುಗೆ ಸಮಾರಂಭದಲ್ಲಿ ವಂದನಾರ್ಪಣೆ ಯಾರು ಮಾಡಿದರೂ ‘ಪರೋಕ್ಷವಾಗಿ’ ಎಂಬ ಪದವನ್ನು ಬಿಟ್ಟುಬಿಡಲಿ. ಹಾಲ್ ಟಿಕೆಟ್ ತೆಗೆದುಕೊಟ್ಟವರು, ಬೆಳಿಗ್ಗೆ ಗೇಟ್ ತೆರೆದವರು, ಕೊಠಡಿ ಗುಡಿಸಿದವರು, ಕುರ್ಚಿ ಹಾಕಿದವರು, ಎಲ್ಲರನ್ನೂ ಮುಂಚೆಯೇ ಕಂಡು ಹೆಸರು ಕೇಳಿ ಬರೆದುಕೊಳ್ಳಲಿ. ನಾವೂ ಹೊರಡುವವರೇ ಅಲ್ಲವೇ? ಓದುವುದಕ್ಕೆ ಎರಡು ನಿಮಿಷ ಹೆಚ್ಚಾಗಬಹುದು, ಅಷ್ಟೇ. ಅಂದಹಾಗೆ, ಮೈಕಿನವರ ಹೆಸರನ್ನು ನಾನು ಕೇಳಿಕೊಂಡಿದ್ದೇನೆ. ಪಟ್ಟಿ ಅವರಿಂದಲೇ ಶುರುವಾಗಲಿ.