'ಶುಗರ್ ಇದೆ' ಅಂದರೆ ಏನಿದೆ? ಒಂದು ಪದ, ನಾಲ್ಕು ಅರ್ಥ, ನೂರು ಗೊಂದಲ

ಮದುವೆ ಮನೆ. ಊಟ ತಡವಾಗಿದೆ. ಮಧುಮೇಹಕ್ಕೆ ಮಾತ್ರೆ ತೆಗೆದುಕೊಳ್ಳುವ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಬೆವರುತ್ತಾರೆ, ಕೈ ನಡುಗುತ್ತದೆ, ಕುರ್ಚಿಯಲ್ಲಿ ಕುಸಿದು ಕೂರುತ್ತಾರೆ. ಯಾರೋ ಒಂದು ಲೋಟ ಜ್ಯೂಸ್ ತರುತ್ತಾರೆ. ಅಷ್ಟರಲ್ಲಿ ಇನ್ನೊಬ್ಬರು ಅಡ್ಡ ಬರುತ್ತಾರೆ: "ಅಯ್ಯೋ, ಕೊಡಬೇಡಿ, ಅವರಿಗೆ ಶುಗರ್ ಇದೆ!"

ತಡೆದವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತು ಜೀವಕ್ಕೇ ಅಪಾಯ ತರಬಹುದು. ಕಾರಣ, ನಾವು ದಿನವೂ ಆಡುವ 'ಶುಗರ್' ಎಂಬ ಒಂದೇ ಪದಕ್ಕೆ ಕನಿಷ್ಠ ನಾಲ್ಕು ಅರ್ಥಗಳಿವೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಅನೇಕ ಫಾರ್ವರ್ಡ್‌ಗಳು ಈ ಅರ್ಥಗಳನ್ನು ಕಲಸುಮೇಲೋಗರ ಮಾಡುತ್ತವೆ. ಒಂದೊಂದಾಗಿ ಬಿಡಿಸಿ ನೋಡೋಣ.

ಪದ ನಮ್ಮದೇ!

ಮೊದಲು ಒಂದು ಸ್ವಾರಸ್ಯ. ಇಂಗ್ಲಿಷಿನ 'ಶುಗರ್' ಮತ್ತು ಕನ್ನಡದ 'ಸಕ್ಕರೆ' ದೂರದ ಸಂಬಂಧಿಕರು. ಎರಡಕ್ಕೂ ಮೂಲ ಸಂಸ್ಕೃತದ 'ಶರ್ಕರಾ'. ಈ ಪದಕ್ಕೆ ಮರಳು, ಹರಳು ಎಂಬ ಅರ್ಥವೂ ಇದೆ. ಪ್ರಾಕೃತದ ಮೂಲಕ ಅದು ನಮ್ಮಲ್ಲಿ ಸಕ್ಕರೆಯಾಯಿತು. ಪರ್ಷಿಯನ್, ಅರಬ್ಬಿ, ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ ಶುಗರ್ ಆಯಿತು. ಈಗ ಅದೇ ಪದ ಕಾಯಿಲೆಯ ಹೆಸರಾಗಿ ನಮ್ಮ ಮನೆಗೆ ವಾಪಸ್ ಬಂದಿದೆ.

1. ಡಬ್ಬಿಯಲ್ಲಿರುವ ಶುಗರ್

ಕಾಫಿಗೆ ಹಾಕುವ ಸಕ್ಕರೆಯ ರಾಸಾಯನಿಕ ಹೆಸರು ಸುಕ್ರೋಸ್. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಚಿಕ್ಕ ಸಕ್ಕರೆಗಳು ಜೋಡಿಯಾದರೆ ಅದು ಸುಕ್ರೋಸ್. ವಿಜ್ಞಾನಿಗಳಿಗೆ 'ಶುಗರ್' ಎಂದರೆ ಇಡೀ ಒಂದು ಕುಟುಂಬ. ಹಾಲಿನ ಲ್ಯಾಕ್ಟೋಸ್, ಹಣ್ಣಿನ ಫ್ರಕ್ಟೋಸ್ ಎಲ್ಲವೂ ಅದರಲ್ಲಿ ಸೇರುತ್ತವೆ.

ಫಾರ್ವರ್ಡ್ ಹೇಳುತ್ತದೆ: "ಸಕ್ಕರೆ ವಿಷ, ಬೆಲ್ಲ ಅಮೃತ. ಶುಗರ್ ಇದ್ದವರು ಬೆಲ್ಲ ತಿನ್ನಬಹುದು."

ನಿಜ ಏನು? ಬೆಲ್ಲದಲ್ಲಿ ಅಲ್ಪ ಪ್ರಮಾಣದ ಖನಿಜಾಂಶ ಇರುವುದು ಹೌದು. ಆದರೆ ಬೆಲ್ಲದ ಬಹುಪಾಲು ಅದೇ ಸುಕ್ರೋಸ್. ಜೇನುತುಪ್ಪದಲ್ಲಿರುವುದೂ ಹೆಚ್ಚಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಮೂರೂ ರಕ್ತದ ಗ್ಲೂಕೋಸ್ ಏರಿಸುತ್ತವೆ.

2. ರಕ್ತದಲ್ಲಿರುವ ಶುಗರ್

"ಶುಗರ್ ಎಷ್ಟು ಬಂತು?" ಎಂದು ಲ್ಯಾಬ್ ರಿಪೋರ್ಟ್ ನೋಡಿ ಕೇಳುವಾಗ ನಾವು ಹೇಳುವುದು ರಕ್ತದ ಗ್ಲೂಕೋಸ್ ಬಗ್ಗೆ. ಇದು ಕಾಯಿಲೆಯಲ್ಲ, ಎಲ್ಲರ ರಕ್ತದಲ್ಲೂ ಇರಲೇಬೇಕಾದ ಇಂಧನ. ಮುಖ್ಯವಾಗಿ ನಮ್ಮ ಮೆದುಳು ನಡೆಯುವುದು ಇದರಿಂದಲೇ. ಆರೋಗ್ಯವಂತ ವಯಸ್ಕರ ಸುಮಾರು 5 ಲೀಟರ್ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು.

"ಸಕ್ಕರೆ ಪೂರ್ತಿ ಬಿಟ್ಟಿದ್ದೇನೆ, ಆದರೂ ಶುಗರ್ ಯಾಕೆ ಏರಿದೆ?" ಎಂದು ಅನೇಕರು ಕೇಳುತ್ತಾರೆ. ಉತ್ತರ ಇಲ್ಲೇ ಇದೆ. ಅನ್ನ, ಚಪಾತಿ, ಇಡ್ಲಿ, ರಾಗಿ ಮುದ್ದೆ ನಾಲಿಗೆಗೆ ಸಿಹಿಯಲ್ಲ. ಆದರೆ ಅವುಗಳಲ್ಲಿರುವ ಪಿಷ್ಟ ಜೀರ್ಣವಾದಾಗ ಗ್ಲೂಕೋಸ್ ಆಗಿಯೇ ರಕ್ತ ಸೇರುತ್ತದೆ. ಮುದ್ದೆಯಾದರೂ ಸರಿ, ಎಷ್ಟು ತಿಂದಿರಿ ಎಂಬುದು ಲೆಕ್ಕಕ್ಕೆ ಬರುತ್ತದೆ.

3. ಕಾಯಿಲೆ ಎಂಬ ಶುಗರ್

"ನಮ್ಮಪ್ಪನಿಗೆ ಶುಗರ್" ಎಂದಾಗ ಅದು ಮಧುಮೇಹ. ಮೇದೋಜ್ಜೀರಕ ಗ್ರಂಥಿ ಸಾಕಷ್ಟು ಇನ್ಸುಲಿನ್ ತಯಾರಿಸದಿದ್ದಾಗ, ಅಥವಾ ಇದ್ದ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿದ್ದಾಗ ಗ್ಲೂಕೋಸ್ ರಕ್ತದಲ್ಲೇ ಉಳಿಯುತ್ತದೆ. ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ 100 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸಹಜ, 100ರಿಂದ 125 ಎಚ್ಚರಿಕೆಯ ಗಂಟೆ, 126 ಅಥವಾ ಹೆಚ್ಚಿದ್ದರೆ ಮಧುಮೇಹದ ಸೂಚನೆ. ಸಾಮಾನ್ಯವಾಗಿ ಇನ್ನೊಂದು ಪರೀಕ್ಷೆ ಮಾಡಿ ಅದನ್ನು ಖಚಿತಪಡಿಸುತ್ತಾರೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ.

ಇಲ್ಲಿ ದೊಡ್ಡ ಗೊಂದಲ ಯಾವುದು ಗೊತ್ತೇ? "ಶುಗರ್ ನಾರ್ಮಲ್ ಬಂತು, ಇನ್ನು ಮಾತ್ರೆ ಯಾಕೆ?" ಎಂಬುದು. ನಾರ್ಮಲ್ ಬಂದದ್ದು ಎರಡನೇ ಅರ್ಥದ ಶುಗರ್, ಅಂದರೆ ರಕ್ತದ ಮಟ್ಟ. ಮೂರನೇ ಅರ್ಥದ ಶುಗರ್, ಅಂದರೆ ಕಾಯಿಲೆ, ಹೋಗಿದೆ ಎಂದು ಇದರರ್ಥವಲ್ಲ. ಮಾತ್ರೆ ಕೆಲಸ ಮಾಡುತ್ತಿರುವುದರಿಂದಲೇ ಆ ಅಂಕಿ ಬಂದಿರಬಹುದು. ತೂಕ ಇಳಿಸಿ, ಆಹಾರ ಬದಲಿಸಿ ಮಾತ್ರೆ ಕಡಿಮೆ ಮಾಡಿಕೊಂಡವರು ಇದ್ದಾರೆ, ನಿಜ. ಆದರೆ ಅದನ್ನು ವೈದ್ಯರ ನಿಗಾದಲ್ಲಿ ಮಾಡಬೇಕೇ ಹೊರತು ಫಾರ್ವರ್ಡ್ ನಂಬಿ ಅಲ್ಲ. ಟೈಪ್ 1 ಮಧುಮೇಹ ಇರುವವರಂತೂ ಇನ್ಸುಲಿನ್ ನಿಲ್ಲಿಸಲೇಬಾರದು. ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ.

4. ಪ್ಯಾಕೆಟ್ ಮೇಲಿನ ಶುಗರ್

'ಶುಗರ್ ಫ್ರೀ', 'ನೋ ಆ್ಯಡೆಡ್ ಶುಗರ್' ಎರಡೂ ಒಂದೇ ಅಲ್ಲ. ಎರಡನೆಯದರ ಅರ್ಥ ಮೇಲಿಂದ ಸಕ್ಕರೆ ಸೇರಿಸಿಲ್ಲ ಎಂದಷ್ಟೇ. ಹಣ್ಣಿನ ರಸದಲ್ಲಿ ಹಣ್ಣಿನದೇ ಸಕ್ಕರೆ ಇದ್ದೇ ಇರುತ್ತದೆ. ಇನ್ನು 'ಶುಗರ್ ಫ್ರೀ' ಬಿಸ್ಕತ್ತಿನಲ್ಲಿ ಮೈದಾ ಇದೆ. ಮೈದಾ ಎಂದರೆ ಪಿಷ್ಟ, ಪಿಷ್ಟ ಎಂದರೆ ಕೊನೆಗೆ ಗ್ಲೂಕೋಸ್. ಆದ್ದರಿಂದ ಪ್ಯಾಕೆಟ್ ತಿರುಗಿಸಿ, ಹಿಂದೆ ಬರೆದಿರುವ ಒಟ್ಟು ಕಾರ್ಬೋಹೈಡ್ರೇಟ್ ಎಷ್ಟು ಎಂದು ನೋಡಿ.

ಈಗ ಮದುವೆ ಮನೆಗೆ ಬರೋಣ

ಆ ಹಿರಿಯರಿಗೆ ಆಗಿದ್ದು ಬಹುಶಃ 'ಲೋ ಶುಗರ್'. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ ರಕ್ತದ ಗ್ಲೂಕೋಸ್ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಹಸಿವು, ಎದೆಬಡಿತ, ತೊದಲು ಮಾತು, ಗಲಿಬಿಲಿ ಇದರ ಲಕ್ಷಣಗಳು. ಹೆಚ್ಚಾದರೆ ಪ್ರಜ್ಞೆ ತಪ್ಪಬಹುದು, ಫಿಟ್ಸ್ ಬರಬಹುದು.

ಆಗ ಹೀಗೆ ಮಾಡಿ:

• ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಅರ್ಧ ಲೋಟ ಸಿಹಿ ಜ್ಯೂಸ್ ಕೂಡ ಆಗುತ್ತದೆ.
• ಡಯಟ್ ಪಾನೀಯ ಉಪಯೋಗಕ್ಕೆ ಬರುವುದಿಲ್ಲ. ಚಾಕೊಲೇಟ್, ಮೈಸೂರು ಪಾಕ್‌ನಲ್ಲಿ ಕೊಬ್ಬು ಹೆಚ್ಚು, ಸಕ್ಕರೆ ರಕ್ತ ಸೇರುವುದು ನಿಧಾನ.
• 15 ನಿಮಿಷ ಬಿಟ್ಟು ನೋಡಿ. ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟ ಮಾಡಿಸಿ.
• ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

"ಒಂದು ವೇಳೆ ಶುಗರ್ ಜಾಸ್ತಿಯಾಗಿದ್ದರೆ?" ಗ್ಲೂಕೋಮೀಟರ್ ಇದ್ದರೆ ತಕ್ಷಣ ನೋಡಿ. ಇಲ್ಲದಿದ್ದರೆ, ಅನುಮಾನವಿದ್ದಾಗ ಸಿಹಿ ಕೊಡುವುದೇ ಸುರಕ್ಷಿತ. ಏರಿರುವ ಶುಗರ್ ಮೂರು ಚಮಚದಿಂದ ಇನ್ನಷ್ಟು ಏರಿದರೂ ಆಮೇಲೆ ಸರಿಪಡಿಸಬಹುದು. ಇಳಿದ ಶುಗರ್ ಅಷ್ಟು ಹೊತ್ತು ಕಾಯುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಶುಗರ್ ಬಗ್ಗೆ ಮುಂದಿನ ಮೆಸೇಜ್ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಯಾವ ಶುಗರ್? ಡಬ್ಬಿಯದ್ದೋ, ರಕ್ತದ್ದೋ, ಕಾಯಿಲೆಯೋ, ಪ್ಯಾಕೆಟ್‌ನದ್ದೋ? ಮೆಸೇಜ್‌ನಲ್ಲಿ ಅದಕ್ಕೆ ಉತ್ತರ ಸಿಗದಿದ್ದರೆ ಅದನ್ನು ಅಲ್ಲಿಗೇ ಬಿಡಿ. ಮನೆಯಲ್ಲಿ ಶುಗರ್ ಮಾತ್ರೆ ನುಂಗುವವರಿದ್ದರೆ ಅವರ ಜೇಬಿನಲ್ಲೋ ಪರ್ಸ್‌ನಲ್ಲೋ ಒಂದು ಚಿಕ್ಕ ಪೊಟ್ಟಣ ಸಕ್ಕರೆ ಇದೆಯೇ ಎಂದು ಇವತ್ತೇ ನೋಡಿ.