ಕೆಳಗೆ ಕಾವು, ಮೇಲೆ ಕೆಂಡ
(ಗಡ್ಡೆ-ಗೆಣಸುಗಳನ್ನು ಮನೆಯಲ್ಲಿಯೇ ಹದವಾಗಿ ಬೇಯಿಸುವ ಬಗೆ)

ನಮ್ಮ ಅಡುಗೆಮನೆಗಳಲ್ಲಿ ಗಡ್ಡೆ-ಗೆಣಸುಗಳಿಗೆ ದೊರೆಯುವ ಮರ್ಯಾದೆ ಅಷ್ಟಕ್ಕಷ್ಟೆ. ಸಂತೆಯ ಚೀಲದಲ್ಲಿ ಅವಕ್ಕೆ ತಳದ ಜಾಗ. ಮೇಲಿನ ಸೊಪ್ಪು, ಬದನೆ, ಹೀರೇಕಾಯಿ ತೀರಿದ ಮೇಲೆಯೇ ಅವುಗಳ ಸರದಿ. ಏಕಾದಶಿ, ಶಿವರಾತ್ರಿಯಂಥ ಉಪವಾಸದ ದಿನಗಳಲ್ಲಿ ಮಾತ್ರ ಗೆಣಸು, ಬಟಾಟೆಗಳ ನೆನಪು ಮುಂಚಿತವಾಗಿ ಬರುತ್ತದೆ. ಆಗಲೂ ಅನೇಕ ಮನೆಗಳಲ್ಲಿ ಅವನ್ನು ಹೆಚ್ಚಿ, ತುಂಬ ನೀರು ಹಾಕಿ ಕುದಿಸಿ, ಆ ನೀರನ್ನು ಮೋರಿಗೆ ಚೆಲ್ಲುತ್ತಾರೆ. ಗಡ್ಡೆಯ ರುಚಿ, ಸತ್ವಗಳಲ್ಲಿ ಒಂದು ಪಾಲು ಆ ನೀರಿನೊಡನೆಯೇ ಹೋಗುತ್ತದೆ. ಮಕ್ಕಳು ‘ಸಪ್ಪೆ’ ಎಂದು ತಟ್ಟೆ ಸರಿಸುತ್ತಾರೆ. ಇಲ್ಲಿ ತಪ್ಪು ಗಡ್ಡೆಯದಲ್ಲ, ಬೇಯಿಸಿದ ಬಗೆಯದು.

ನೀರಿನ ಬೆಲೆ ನಮ್ಮ ಉಮರಗಾ, ನಿಲಂಗಾ, ಉದಗೀರ ಭಾಗದ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ಲಾತೂರ ಪಟ್ಟಣಕ್ಕೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಇಂಥ ನಾಡಿನಲ್ಲಿ ನೀರು ಹಾಕದೆ, ಒಣಕಾವಿನಲ್ಲಿ ಗಡ್ಡೆಗಳನ್ನು ಬೇಯಿಸುವ ವಿದ್ಯೆ ತಿಳಿದಿರುವುದು ಒಳ್ಳೆಯದು. ಇದಕ್ಕೆ ದುಬಾರಿ ಯಂತ್ರ ಬೇಡ. ಕೆಳಗಿನಿಂದಲೂ ಮೇಲಿನಿಂದಲೂ ನಿಧಾನವಾದ ಕಾವು ಕೊಡುವುದೇ ಇದರ ಗುಟ್ಟು.

ಪರದೇಶದ ಹೆಸರು, ಪರಿಚಯದ ರುಚಿ

ಫ್ರಾನ್ಸ್ ದೇಶದಲ್ಲಿ ‘ಗ್ರಾಟಿನ್’ ಎಂಬ ಅಡುಗೆಯಿದೆ. ಬಟಾಟೆ ಮೊದಲಾದ ಗಡ್ಡೆಗಳನ್ನು ತೆಳುವಾದ ಬಿಲ್ಲೆಗಳಾಗಿ ಹೆಚ್ಚಿ, ಅಗಲ ಪಾತ್ರೆಯಲ್ಲಿ ಪದರ ಪದರವಾಗಿ ಜೋಡಿಸಿ, ಹಾಲು-ಕೆನೆ ಹೊಯ್ದು, ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿ ಗರಿಯಾಗುವವರೆಗೆ ಭಟ್ಟಿಯಲ್ಲಿ ಇಡುತ್ತಾರೆ. ಆ ದೇಶದ ಆಗ್ನೇಯ ಭಾಗದ ದೋಫಿನೆ ಪ್ರಾಂತ ಇದಕ್ಕೆ ಹೆಸರಾದುದು. ಅಲ್ಲಿಯೂ ಬಟಾಟೆಗೆ ಮೊದಲು ಮರ್ಯಾದೆಯಿರಲಿಲ್ಲ. ಅದನ್ನು ತಿಂದರೆ ರೋಗ ಬರುತ್ತದೆಂದು ಜನ ಹೆದರುತ್ತಿದ್ದರು. ಯುದ್ಧದಲ್ಲಿ ಸೆರೆಸಿಕ್ಕು ಪ್ರಶ್ಯಾದ ಸೆರೆಮನೆಯಲ್ಲಿ ಬಟಾಟೆ ತಿಂದು ಬದುಕಿದ್ದ ಪಾರ್ಮೆಂಟಿಯೇ ಎಂಬ ಔಷಧ ತಜ್ಞನು ಹಿಂದಿರುಗಿ ಅದರ ಪರವಾಗಿ ಪ್ರಚಾರ ಮಾಡಿದನು. 1772ರಲ್ಲಿ ಪ್ಯಾರಿಸ್ಸಿನ ವೈದ್ಯ ಪಂಡಿತರು ಬಟಾಟೆ ತಿನ್ನಲು ಯೋಗ್ಯವೆಂದು ಒಪ್ಪಿದರು.

‘ಗ್ರಾಟಿನ್’ ಎಂಬ ಪದವು ‘ಕೆರೆಯುವುದು’ ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಬಂದುದು. ಪಾತ್ರೆಗೆ ಅಂಟಿದ ಗರಿಯಾದ ಭಾಗವನ್ನು ಕೆರೆದು ತಿನ್ನುವುದರಲ್ಲಿಯೇ ಅದರ ಸವಿ. ಹಾಲು ಕಾಯಿಸಿದ ಪಾತ್ರೆಯ ತಳವನ್ನು ಚಮಚದಿಂದ ಕೆರೆದು ತಿನ್ನಲು ನಮ್ಮ ಮನೆಗಳಲ್ಲಿ ಅಣ್ಣ-ತಂಗಿಯರು ಜಗಳವಾಡುವುದಿಲ್ಲವೆ? ನೆರೆಯ ಮರಾಠಿ ಮನೆಗಳಲ್ಲಿ ಅದನ್ನೇ ‘ಖರವಡ’ ಎನ್ನುತ್ತಾರೆ. ಆ ಪದದ ಅರ್ಥವೂ ಕೆರೆದು ತೆಗೆದದ್ದು ಎಂದೇ. ದೇಶ ಬೇರೆಯಾದರೂ ನಾಲಗೆ ಒಂದೇ.

ಬೇಯಿಸುವ ವಿದ್ಯೆಯೂ ನಮಗೆ ಹೊಸತಲ್ಲ. ಅಡುಗೆ ಮುಗಿದ ಒಲೆಯ ಬಿಸಿಬೂದಿಯಲ್ಲಿ ಗೆಣಸು ಹೂಳಿಟ್ಟು ಸುಡುವುದನ್ನು ಹಿರಿಯರು ಬಲ್ಲರು. ಚಳಿಗಾಲದಲ್ಲಿ ಹೊಲದಲ್ಲಿ ಕುಳ್ಳಿನ ಕೆಂಡ ಮಾಡಿ ಹಸಿಜೋಳದ ತೆನೆ ಸುಟ್ಟು ಸೀತನಿ ತಿನ್ನುತ್ತೇವೆ. ಮರಾಠಿಯಲ್ಲಿ ಅದೇ ‘ಹುರಡಾ’. ಸುತ್ತಲಿಂದ ಕಾವು, ಆತುರವಿಲ್ಲದ ಬೆಂಕಿ: ಭಟ್ಟಿಯ ತತ್ವವೂ ಇದೇ ಅಲ್ಲವೆ?

ಗಡ್ಡೆಯೊಳಗೆ ನಡೆಯುವುದೇನು?

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಸ್ವಲ್ಪ ವಿಜ್ಞಾನವನ್ನು ತಿಳಿದುಕೊಳ್ಳೋಣ. ನೆಲದೊಳಗೆ ಬೆಳೆಯುವುದೆಲ್ಲ ಬೇರಲ್ಲ. ಗಜ್ಜರಿ ತಾಯಿಬೇರು, ಗೆಣಸು ಆಹಾರ ತುಂಬಿ ದಪ್ಪನಾದ ಬೇರು. ಬಟಾಟೆ ಮಾತ್ರ ನೆಲದೊಳಗಿನ ಕಾಂಡ. ಅದರ ‘ಕಣ್ಣು’ಗಳೆಲ್ಲ ಮೊಗ್ಗುಗಳು. ಗಿಡವು ಮುಂದಿನ ದಿನಗಳಿಗಾಗಿ ಕೂಡಿಟ್ಟ ಆಹಾರ ಇವುಗಳಲ್ಲಿರುತ್ತದೆ. ಬಟಾಟೆ, ಗೆಣಸುಗಳಲ್ಲಿ ಅದು ಬಹುಮಟ್ಟಿಗೆ ಪಿಷ್ಟದ ರೂಪದಲ್ಲಿದೆ.

ಬಟಾಟೆಯ ಪಿಷ್ಟದ ಕಣಗಳು ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ನೀರನ್ನು ಹೀರಿ ಉಬ್ಬುತ್ತವೆ. ಆದುದರಿಂದಲೇ ಬಟಾಟೆಯ ಬಿಲ್ಲೆಗಳೊಡನೆ ಕುದಿದ ಹಾಲು ತಾನಾಗಿಯೇ ಮಂದವಾಗುತ್ತದೆ. ಹಿಟ್ಟು ಬೆರೆಸುವ ಅಗತ್ಯವಿಲ್ಲ. ಬಿಲ್ಲೆಗಳನ್ನು ಹೆಚ್ಚಿದ ಮೇಲೆ ತೊಳೆಯಬಾರದೆನ್ನುವುದೂ ಇದಕ್ಕಾಗಿಯೇ. ತೊಳೆದರೆ ಹೊರಬಂದ ಪಿಷ್ಟವೆಲ್ಲ ಹರಿದುಹೋಗುತ್ತದೆ. ಇದನ್ನು ಪರೀಕ್ಷಿಸಬೇಕಾದರೆ ಬಿಲ್ಲೆಗಳನ್ನು ತೊಳೆದ ನೀರಿಗೆ ಒಂದು ಹನಿ ಟಿಂಚರ್ ಅಯೋಡಿನ್ ಹಾಕಿ ನೋಡಿರಿ. ನೀಲಿಗಪ್ಪು ಬಣ್ಣ ಬಂದರೆ ಅದು ಪಿಷ್ಟದ ಗುರುತು. ಆ ನೀರನ್ನು ಮತ್ತೆ ಅಡುಗೆಗೆ ಬಳಸಕೂಡದು.

ಗೆಣಸಿನ ಕಥೆ ಇನ್ನೂ ಸ್ವಾರಸ್ಯವಾದುದು. ಅದರಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ. ಗೆಣಸು ನಿಧಾನವಾಗಿ ಬಿಸಿಯಾಗುತ್ತ ಸುಮಾರು 60ರಿಂದ 75 ಡಿಗ್ರಿಯ ನಡುವೆ ಹೆಚ್ಚು ಹೊತ್ತು ಇದ್ದರೆ ಈ ಕಿಣ್ವವು ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆಯನ್ನಾಗಿ ಮಾಡುತ್ತದೆ. ಸಣ್ಣ ತುಂಡುಗಳನ್ನು ಕುದಿಯುವ ನೀರಿಗೆ ಹಾಕಿದರೆ ಕಾವು ಥಟ್ಟನೆ ಏರಿ ಕಿಣ್ವವು ಕೆಲಸ ಮುಗಿಸುವ ಮೊದಲೇ ಕೆಟ್ಟುಹೋಗುತ್ತದೆ. ಬೂದಿಯಲ್ಲಿ ಸುಟ್ಟ ಗೆಣಸು ಬೆಲ್ಲದಂತೆ ಸಿಹಿಯಾಗಿ, ನೀರಲ್ಲಿ ಬೆಂದದ್ದು ಸಪ್ಪೆಯಾಗಿರಲು ಇದೇ ಕಾರಣ.

ಮೇಲಿನ ಹೊಂಬಣ್ಣಕ್ಕೆ ಬೇರೆ ಕಾರಣವಿದೆ. ನೀರು ಇರುವವರೆಗೆ ಪದಾರ್ಥದ ಕಾವು 100 ಡಿಗ್ರಿಯನ್ನು ದಾಟುವುದಿಲ್ಲ. ಮೇಲ್ಭಾಗ ಒಣಗಿ ಸುಮಾರು 140 ಡಿಗ್ರಿಗೆ ಏರಿದಾಗ ಹಾಲಿನ ಪ್ರೋಟೀನು ಮತ್ತು ಸಕ್ಕರೆಗಳು ಕೂಡಿ ಬಣ್ಣವನ್ನೂ ಪರಿಮಳವನ್ನೂ ಬೇಗ ಬೇಗ ಕೊಡುತ್ತವೆ. ಬರೀ ಕೆಳಗಿನ ಬೆಂಕಿಯಿಂದ ಈ ಗರಿ ಬಾರದು.

ಮನೆಯಲ್ಲಿಯೇ ಭಟ್ಟಿ

ದಪ್ಪ ತಳದ ಅಗಲವಾದ ಕಬ್ಬಿಣದ ಕಢಾಯಿ ಅಥವಾ ದೊಡ್ಡ ಪಾತ್ರೆಯನ್ನು ತೆಗೆದುಕೊಳ್ಳಿರಿ. ತೊಳೆದು ಒಣಗಿಸಿದ ಮರಳನ್ನು ತಳದಲ್ಲಿ ಒಂದು ಅಂಗುಲ ಹರಡಿ, ಅದರ ಮೇಲೆ ಒಂದು ಲೋಹದ ಸಿಂಬೆ ಅಥವಾ ಬೋರಲು ಹಾಕಿದ ಸಣ್ಣ ತಟ್ಟೆ ಇಡಿರಿ. ಬಿಗಿಯಾದ ಮುಚ್ಚಳ ಮುಚ್ಚಿ ನಡುಉರಿಯಲ್ಲಿ 10 ನಿಮಿಷ ಕಾಯಿಸಿದರೆ ಭಟ್ಟಿ ಸಿದ್ಧ. ಒಳಗೆ ಇಡುವ ಪಾತ್ರೆಯು ಸುತ್ತಲೂ ಎರಡು ಬೆರಳು ಜಾಗ ಬಿಡುವಷ್ಟು ಚಿಕ್ಕದಿರಲಿ, ಬಿಸಿಗಾಳಿ ಆಡಬೇಕು. ಅಂಟದಿರಲೆಂದು ಲೇಪನ ಮಾಡಿದ ಪಾತ್ರೆಗಳು ಇದಕ್ಕೆ ಬೇಡ. ಒಣಕಾವು ಮಿತಿಮೀರಿದರೆ ಆ ಲೇಪನದಿಂದ ಕೆಟ್ಟ ಹೊಗೆ ಏಳುತ್ತದೆ. ವಿದ್ಯುತ್ ಓವನ್ ಇರುವವರು ಅದನ್ನು 180 ಡಿಗ್ರಿಗೆ ಇಟ್ಟರೆ ಸಾಕು.

ಮಾಡುವ ಕ್ರಮ

ಐದು ಜನರಿಗೆ ಬಟಾಟೆ ಅರ್ಧ ಕಿಲೋ, ಗೆಣಸು ಕಾಲು ಕಿಲೋ, ಗಜ್ಜರಿ ಕಾಲು ಕಿಲೋ, ಕೆನೆ ತೆಗೆಯದ ಹಾಲು ಎರಡು ಬಟ್ಟಲು (ಸುಮಾರು 400 ಮಿಲಿಲೀಟರ್), ಕೆನೆ ಅರ್ಧ ಬಟ್ಟಲು, ತುಪ್ಪ ಎರಡು ಚಮಚ, ರುಚಿಗೆ ಉಪ್ಪು, ಮೆಣಸಿನಕಾಳಿನ ಪುಡಿ, ಚಿಟಿಕೆ ಜಾಜಿಕಾಯಿ. ಜಾಜಿಕಾಯಿ ಹೋಳಿಗೆಯ ಹೂರಣಕ್ಕೆಂದು ಮನೆಯಲ್ಲಿ ಇದ್ದೇ ಇರುತ್ತದೆ. ಹಾಲು ಯಾವುದಾದರೂ ನಡೆದೀತು. ಉದಗೀರದ ನೆರೆಯ ದೇವಣಿಯ ಹೆಸರನ್ನೇ ಹೊತ್ತ ದೇವಣಿ ತಳಿಯ ಹಸು ಮನೆಯಲ್ಲಿದ್ದರೆ ಇನ್ನೇನು ಬೇಕು!

ಮೊದಲು ಗಡ್ಡೆಗಳನ್ನು ತೊಳೆದು, ಸಿಪ್ಪೆ ತೆಗೆದು, ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು ದಪ್ಪದ ಬಿಲ್ಲೆಗಳಾಗಿ ಹೆಚ್ಚಿರಿ. ಎಲ್ಲ ಬಿಲ್ಲೆಗಳೂ ಒಂದೇ ದಪ್ಪ ಇರಬೇಕು. ಇಲ್ಲವಾದರೆ ಕೆಲವು ಕರಗಿ ಕೆಲವು ಹಸಿಯಾಗಿ ಉಳಿಯುತ್ತವೆ. ಬಟಾಟೆ ಮತ್ತು ಗಜ್ಜರಿಯ ಬಿಲ್ಲೆಗಳನ್ನು ಹಾಲು-ಕೆನೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ 8-10 ನಿಮಿಷ, ತಳ ಹಿಡಿಯದಂತೆ ಮೆಲ್ಲಗೆ ಕೈಯಾಡಿಸುತ್ತ ಕುದಿಸಿರಿ. ಹೀಗೆ ಮಾಡಿದರೆ ಮುಂದಿನ ಹೊತ್ತೂ ಉಳಿಯುತ್ತದೆ, ಗ್ಯಾಸೂ ಉಳಿಯುತ್ತದೆ. ಗೆಣಸನ್ನು ಈಗಲೇ ಕುದಿಸಬಾರದು. ಅದು ನಿಧಾನವಾಗಿಯೇ ಬಿಸಿಯಾಗಲಿ.

ತುಪ್ಪ ಸವರಿದ ಪಾತ್ರೆಯಲ್ಲಿ ಒಂದು ಪದರ ಬಟಾಟೆ, ಒಂದು ಪದರ ಗೆಣಸು, ಒಂದು ಪದರ ಗಜ್ಜರಿ ಹೀಗೆ ಜೋಡಿಸಿ, ನಡುನಡುವೆ ಉಪ್ಪು ಮತ್ತು ಮಸಾಲೆ ಉದುರಿಸಿ, ಮಂದವಾದ ಹಾಲನ್ನು ಮೇಲೆ ಹೊಯ್ಯಿರಿ. ಎರಡೂವರೆ ಅಂಗುಲಕ್ಕಿಂತ ಎತ್ತರ ಬೇಡ. ಪಾತ್ರೆಯನ್ನು ಮರಳಿನ ಭಟ್ಟಿಯಲ್ಲಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ 40-45 ನಿಮಿಷ ಬೇಯಿಸಿರಿ. ಚಾಕುವಿನ ತುದಿ ತಡೆಯಿಲ್ಲದೆ ಇಳಿದರೆ ಬೆಂದಿತೆಂದು ತಿಳಿಯಬೇಕು.

ಈಗ ಮೇಲಿನ ಗರಿ. ಆ ದೇಶದವರು ಚೀಜು, ಬ್ರೆಡ್ಡಿನ ಪುಡಿ ಹಾಕುತ್ತಾರೆ. ನಮಗೆ ಅದು ಬೇಕಿಲ್ಲ. ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ ಅಥವಾ ಜೋಳದ ಕಡಕ್ ರೊಟ್ಟಿಯನ್ನು ಒರಟಾಗಿ ಪುಡಿಮಾಡಿ, ಹುರಿದ ಶೇಂಗಾ ಪುಡಿ ಬೆರೆಸಿ, ತುಪ್ಪದಲ್ಲಿ ಕೆಂಪಗೆ ಹುರಿದು ಮೇಲೆ ಹರಡಿರಿ. ಮುಚ್ಚಳದ ಒಳಮೈಯ ನೀರನ್ನು ಒರೆಸಿ ಮತ್ತೆ ಮುಚ್ಚಿ, ಮೇಲೆ ಕೆಂಡಗಳನ್ನು ಹರಡಿ 10 ನಿಮಿಷ ಬಿಡಿರಿ. ಗ್ಯಾಸಿನ ಒಲೆಯವರು ಕಬ್ಬಿಣದ ಹಂಚನ್ನು ಚೆನ್ನಾಗಿ ಕಾಯಿಸಿ, ಒಳಪಾತ್ರೆಯ ಮೇಲೆ ಐದು ನಿಮಿಷ ಮುಚ್ಚಿದರೂ ಆದೀತು. ಇಳಿಸಿದ ಕೂಡಲೇ ಬಡಿಸದೆ ಕಾಲು ಗಂಟೆ ತಡೆಯಬೇಕು. ಆಗ ಪದರಗಳು ಹಿಡಿದುಕೊಂಡು ತುಂಡುಗಳಾಗಿ ಬರುತ್ತವೆ.

ಉಪವಾಸದ ದಿನ ರೊಟ್ಟಿಯನ್ನು ಬಿಟ್ಟು ಶೇಂಗಾ ಪುಡಿ, ಜೀರಿಗೆ, ಹಸಿಮೆಣಸಿನಕಾಯಿ, ಸೈಂಧವ ಲವಣಗಳಿಂದ ಮಾಡಬಹುದು. ಗಜ್ಜರಿ ಉಪವಾಸಕ್ಕೆ ನಡೆಯದ ಮನೆಗಳಲ್ಲಿ ಬಟಾಟೆ, ಗೆಣಸುಗಳೇ ಸಾಕು. ಬೀಟರೂಟ್ ಹಾಕಿದರೆ ಎಲ್ಲವೂ ಕೆಂಪಾಗುತ್ತದೆ. ಮೂಲಂಗಿ ನೀರು ಬಿಡುತ್ತದೆ. ಸುವರ್ಣಗಡ್ಡೆಯಲ್ಲಿ ನಾಲಗೆ ತುರಿಸುವ ಸೂಕ್ಷ್ಮ ಹರಳುಗಳಿವೆ. ಅದಕ್ಕೆ ಹುಣಸೆಹುಳಿ ಬೇಕು, ಹುಳಿ ತಾಗಿದರೆ ಹಾಲು ಒಡೆಯುತ್ತದೆ. ಆದುದರಿಂದ ಇವನ್ನು ಈ ಅಡುಗೆಗೆ ಸೇರಿಸದಿರುವುದು ಲೇಸು.

ಮರೆಯಬಾರದ ಎಚ್ಚರಿಕೆಗಳು

ಕೆಂಡದ ಕೆಲಸವನ್ನು ಅಂಗಳದಲ್ಲಿ, ಹಿರಿಯರ ಎದುರಿಗೇ ಮಾಡಬೇಕು. ಕಿಟಕಿ-ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಬಣ್ಣ-ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿ ಪ್ರಾಣಕ್ಕೇ ಅಪಾಯ. ಕಾದ ಮರಳಿಗೆ ನೀರು ತಾಗಿಸಬೇಡಿರಿ. ಉಗಿ ಸಿಡಿದು ಸುಡುತ್ತದೆ.

ಬಿಸಿಲು ತಾಗಿ ಹಸಿರಾದ, ಬಹಳ ಮೊಳಕೆಯೊಡೆದ ಬಟಾಟೆಯಲ್ಲಿ ಸೋಲನಿನ್ ಎಂಬ ವಿಷವಸ್ತು ಹೆಚ್ಚುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಅಂಥದನ್ನು ಎಸೆಯುವುದೇ ಸರಿ. ಬಟಾಟೆಯನ್ನು ಕತ್ತಲೆಯ, ಗಾಳಿಯಾಡುವ ಜಾಗದಲ್ಲಿ ಇಡಬೇಕು.

ಗರಿ ಹೊಂಬಣ್ಣಕ್ಕೆ ಬಂದರೆ ಸಾಕು, ಕರಿಯಾಗಬಾರದು. ಹೆಚ್ಚಿನ ಕಾವಿನಲ್ಲಿ ಹುರಿದ, ಸುಟ್ಟ ಪಿಷ್ಟಪದಾರ್ಥಗಳಲ್ಲಿ ಅಕ್ರಿಲಮೈಡ್ ಎಂಬ ಹಾನಿಕರ ವಸ್ತು ಹುಟ್ಟುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಬಣ್ಣ ಕಪ್ಪಾದಷ್ಟೂ ಅದು ಹೆಚ್ಚು.

ಊಟದಲ್ಲಿ ಇದರ ಸ್ಥಾನ

ಗಜ್ಜರಿಯಲ್ಲಿಯೂ ಕಿತ್ತಳೆ ಬಣ್ಣದ ತಿರುಳಿನ ಗೆಣಸಿನಲ್ಲಿಯೂ ಕ್ಯಾರೋಟಿನ್ ಇದೆ. ನಮ್ಮ ದೇಹ ಅದನ್ನು ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಬಿಳಿಯ ತಿರುಳಿನ ಗೆಣಸಿನಲ್ಲಿ ಅದು ತೀರ ಕಡಿಮೆ. ಈ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ. ಅದನ್ನು ತಡೆಯಲು ಭಾರತ ಸರ್ಕಾರ 1970ರಲ್ಲಿಯೇ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಕ್ಯಾರೋಟಿನ್ ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು. ಇಲ್ಲಿ ಹಾಕಿದ ಕೆನೆ-ತುಪ್ಪಗಳು ಬರೀ ಚಪಲಕ್ಕಲ್ಲವೆಂಬುದನ್ನು ಗಮನಿಸಿರಿ.

ಆದರೆ ಇದು ಹೊಟ್ಟೆ ತುಂಬುವ ಪಿಷ್ಟದ ಊಟ. ಎರಡು ರೊಟ್ಟಿ ತಿನ್ನುವವರು ಒಂದು ರೊಟ್ಟಿಯ ಬದಲಿಗೆ ಇದನ್ನು ತಿನ್ನಬೇಕೇ ಹೊರತು ರೊಟ್ಟಿಯ ಮೇಲೆ ಹೆಚ್ಚಿಗೆಯಾಗಿ ಅಲ್ಲ. ಮನೆಯಲ್ಲಿ ಮಧುಮೇಹದವರಿದ್ದರೆ ಅವರ ಪಾಲು ಚಿಕ್ಕದಿರಲಿ. ಜೊತೆಗೆ ಬೇಳೆ, ಸೊಪ್ಪಿನ ಪಲ್ಯ ಇರಲಿ.

ಇದನ್ನು ಮಾಡಲು ಒಳ್ಳೆಯ ಕಾಲವೆಂದರೆ ಎಳ್ಳಮಾವಾಸ್ಯೆಯ ಸುತ್ತಿನ ದಿನಗಳು. ಲಾತೂರ, ಧಾರಾಶಿವ ಜಿಲ್ಲೆಗಳಲ್ಲಿ ವೇಳಾಮಾವಾಸ್ಯೆಯೆಂದು ಊರಿಗೆ ಊರೇ ಹೊಲಕ್ಕೆ ಹೋಗಿ ಭಜ್ಜಿ, ಅಂಬಲಿ ಉಣ್ಣುವ ಆ ಚಳಿಯಲ್ಲಿ ಗಜ್ಜರಿ ಎಳೆಯದಾಗಿ ಸಿಗುತ್ತದೆ, ಕಡಕ್ ರೊಟ್ಟಿಯೂ ಡಬ್ಬಿಯಲ್ಲಿರುತ್ತದೆ.

ಪಾಲಕರಲ್ಲಿ ಒಂದು ವಿನಂತಿ. ಈ ಕೆಲಸವನ್ನು ಒಂದು ರವಿವಾರ ಮಕ್ಕಳ ಕೈಗೆ ಕೊಡಿರಿ. ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ. ಬಿಲ್ಲೆ ಹೆಚ್ಚುವಲ್ಲಿ ಅಳತೆ, ಹಾಲು ಮಂದವಾಗುವಲ್ಲಿ ರಸಾಯನ, ಮುಕ್ಕಾಲು ಗಂಟೆ ಕಾಯುವಲ್ಲಿ ತಾಳ್ಮೆ ಇವೆಲ್ಲ ಒಂದೇ ಪಾತ್ರೆಯಲ್ಲಿ ದೊರೆಯುವ ಪಾಠಗಳು. ತಾನೇ ಬೇಯಿಸಿದ ಗಜ್ಜರಿಯನ್ನು ಸಪ್ಪೆಯೆಂದು ಸರಿಸುವ ಮಗು ವಿರಳ. ‘ತಾಳಿದವನು ಬಾಳಿಯಾನು’ ಎಂಬ ಗಾದೆ ಮನುಷ್ಯರಿಗೆ ಹೇಗೋ, ಒಲೆಯ ಮೇಲಿನ ಗೆಣಸಿಗೂ ಹಾಗೆಯೇ ಸಲ್ಲುತ್ತದೆ.