ರಕ್ತದ ಗುರುತು ಹಣೆಬರಹವಲ್ಲ

ಮನೆಯಲ್ಲೊಬ್ಬರಿಗೆ ಬೆನ್ನೆಲುಬನ್ನು ಬಿಗಿಯುವ ಉರಿಯೂತ, ಅಂದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದ್ದರೆ, ಆ ಮನೆಯ ನಂಟಸ್ತನಕ್ಕೇ ಹಿಂಜರಿಯುವವರನ್ನು ನಾವು ಬಲ್ಲೆವು. ಸಂಖ್ಯಾಶಾಸ್ತ್ರದ ತೀರ್ಪು ಬೇರೆ.

1973ರಲ್ಲಿ ಲಂಡನ್ನಿನ ವೈದ್ಯರು ಪರೀಕ್ಷಿಸಿದ 75 ರೋಗಿಗಳಲ್ಲಿ 72 ಮಂದಿಗೆ, ಈಗ ಎಚ್‌ಎಲ್‌ಎ-ಬಿ27 ಎನ್ನಲಾಗುವ ಆನುವಂಶಿಕ ಗುರುತಿತ್ತು. ಹೋಲಿಕೆಗೆ ಆಯ್ದ 75 ಮಂದಿಯಲ್ಲಿ ಕೇವಲ 3 ಮಂದಿಗೆ. ಆದರೆ ರೋಗಿಗಳಲ್ಲಿ ಗುರುತಿರುವುದು ಒಂದು, ಗುರುತುಳ್ಳವರು ರೋಗಿಗಳಾಗುವುದು ಮತ್ತೊಂದು. ರೋಗಕ್ಕಿಂತ ಗುರುತೇ ವ್ಯಾಪಕ. ಗುರುತುಳ್ಳವರಲ್ಲಿ ಬಹುಪಾಲು ಮಂದಿಗೆ ಈ ರೋಗ ಬರುವುದೇ ಇಲ್ಲ.

2007ರಲ್ಲಿ ಸಾವಿರಾರು ಜನರ ಜೀನ್‌ಗಳನ್ನು ಹೋಲಿಸಿದಾಗ ಇಆರ್‌ಎಪಿ1 ಎಂಬ ಮತ್ತೊಂದು ಜೀನಿನ ಪಾತ್ರವೂ ತಿಳಿದುಬಂದಿತು. ಒಂದೇ ಗುರುತಿನಿಂದ ರೋಗ ನಿಶ್ಚಯವಾಗದು.

ಹುಟ್ಟಿನಿಂದ ಯಾರನ್ನೂ ಅಳೆಯದ ಶರಣಪರಂಪರೆಯವರು ನಾವು. ಮೂರು ತಿಂಗಳು ಮೀರಿದ ಸೊಂಟನೋವು, ಬೆಳಗಿನ ಬಿಗಿತ ಕಂಡರೆ ವೈದ್ಯರನ್ನು ಕಾಣೋಣ, ನಂಟಸ್ತನವನ್ನು ಮುರಿಯದಿರೋಣ.